ಎಣ್ಣೆಯ ಪೇಟೆ ಬತ್ತಿದ ಬಗೆ

ಮರವು ಒಣಗಿದರೆ ಅದರ ಬೇರನ್ನು ಅಗೆದು ನೋಡುತ್ತೇವೆ. ಕೆರೆ ಬತ್ತಿದರೆ ಅದಕ್ಕೆ ನೀರು ತರುತ್ತಿದ್ದ ಹಳ್ಳಗಳ ಜಾಡನ್ನು ಹಿಡಿದು ಹೋಗುತ್ತೇವೆ. ಆದರೆ ಒಂದು ಪೇಟೆ ಸೊರಗಿದಾಗ ಮಾತ್ರ 'ಕಾಲ ಕೆಟ್ಟಿತು' ಎಂದೋ, 'ವರ್ತಕರ ದೆಸೆ ತಿರುಗಿತು' ಎಂದೋ ಹೇಳಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಪೇಟೆಯ ಏಳುಬೀಳಿಗೂ ಕಾರಣಗಳುಂಟು. ಆ ಕಾರಣಗಳನ್ನು ತೂಕ, ದೂರ, ಬೆಲೆ ಎಂಬ ಸಾಮಾನ್ಯ ಅಳತೆಗಳಿಂದಲೇ ಬಹುಮಟ್ಟಿಗೆ ಅಳೆದು ನೋಡಬಹುದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಚಳ್ಳಕೆರೆಗೆ 'ಎಣ್ಣೆಯ ಊರು' ಎಂದು ಹೆಸರು. ಎಣ್ಣೆಯ ವ್ಯಾಪಾರದಲ್ಲಿ ಅದು 'ಎರಡನೆಯ ಮುಂಬಯಿ' ಎಂದೂ ಜನ ಹೇಳುತ್ತಿದ್ದರು. ಇಂಥ ಬಿರುದುಗಳಲ್ಲಿ ಉತ್ಪ್ರೇಕ್ಷೆ ಸ್ವಲ್ಪ ಇದ್ದೇ ಇರುತ್ತದೆ. ಊರ ಅಭಿಮಾನಕ್ಕೆ ಅಷ್ಟನ್ನು ಬಿಟ್ಟುಕೊಡಬೇಕು. ಆದರೂ ಸುಗ್ಗಿಯ ತಿಂಗಳುಗಳಲ್ಲಿ ಆ ಊರನ್ನು ಹಾದುಹೋದವರಿಗೆ ಗಿರಣಿಗಳ ಸದ್ದೂ, ಹುರಿದ ಬೀಜದಂಥ ಬೆಚ್ಚನೆಯ ಎಣ್ಣೆಯ ವಾಸನೆಯೂ, ಚೀಲ ಹೊತ್ತ ಗಾಡಿ ಮತ್ತು ಲಾರಿಗಳ ಸಾಲೂ ಮರೆಯುವಂಥವಲ್ಲ. ಇಂದು ಆ ಗಿರಣಿಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ಊರು ಮಾತ್ರ ಚಿಕ್ಕದಾಗಿಲ್ಲ; ಮನೆಗಳು ಹೆಚ್ಚಿವೆ, ರಸ್ತೆ ಅಗಲವಾಗಿದೆ, ಅಂಗಡಿಗಳ ಫಲಕಗಳು ಮೊದಲಿಗಿಂತ ಹೊಳೆಯುತ್ತಿವೆ. ಹೀಗಿದ್ದರೂ ಹಳೆಯ ಪೇಟೆಯಲ್ಲಿದ್ದ ಕಸುವು ಈಗ ಇಲ್ಲವೆಂಬುದನ್ನು ಅಲ್ಲಿನ ಹಿರಿಯರೆಲ್ಲರೂ ಒಪ್ಪುತ್ತಾರೆ. ಅದು ಎಲ್ಲಿಗೆ ಹೋಯಿತೆಂಬುದೇ ನಮ್ಮ ಪ್ರಶ್ನೆ.

ಮೊದಲು ನೆಲವನ್ನು ನೋಡಬೇಕು. ನೈಋತ್ಯದ ಮಾರುತ ಪಶ್ಚಿಮ ಘಟ್ಟಗಳನ್ನು ಏರುವಾಗ ತನ್ನ ನೀರನ್ನೆಲ್ಲ ಮಲೆನಾಡಿಗೆ ಸುರಿದು, ಪೂರ್ವದ ಬಯಲಿಗೆ ಬರುವ ಹೊತ್ತಿಗೆ ಬರಿಗೈಯಾಗಿರುತ್ತದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ಮಳೆಯ ನೆರಳಿನಲ್ಲಿ ಬಿದ್ದಿರತಕ್ಕ ಪ್ರದೇಶಗಳು. ವರ್ಷದ ಸರಾಸರಿ ಮಳೆ 500 ಮಿಲಿಮೀಟರಿಗೂ ಕಡಿಮೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಇಂಥ ಕೆಂಪು ಮರಳುಮಿಶ್ರಿತ ನೆಲದಲ್ಲಿ ಬತ್ತ ಕಬ್ಬುಗಳ ಮಾತು ಹೇಗೂ ಇಲ್ಲ. ಇಲ್ಲಿ ನಿಂತ ಬೆಳೆ ಶೇಂಗಾ, ಎಂದರೆ ಕಡಲೆಕಾಯಿ.

ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಗಿಡ. ಅದರ ನಡವಳಿಕೆ ಇತರ ಗಿಡಗಳಂತಲ್ಲ. ಹಳದಿಯ ಹೂವು ನೆಲದ ಮೇಲೆ ಅರಳುತ್ತದೆ. ಅದು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ದಂಟು ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಗುತ್ತದೆ. ಕತ್ತಲಲ್ಲಿ ಅದರ ತುದಿ ಉಬ್ಬಿ ಕಾಯಾಗುತ್ತದೆ. ಮಣ್ಣು ಸಡಿಲವಾಗಿದ್ದರೆ ಮಾತ್ರ ಈ ಸೂಜಿ ಒಳಗೆ ಇಳಿಯಬಲ್ಲದು. ಚಳ್ಳಕೆರೆಯ ಹಗುರವಾದ ನೆಲ ಇದಕ್ಕೆ ಅನುಕೂಲವೆಂಬುದೇನೋ ನಿಜ. ಆದರೆ ಸೂಜಿ ಇಳಿಯುವ ಆ ಕೆಲವು ವಾರಗಳಲ್ಲಿ ಮಳೆ ಕೈಕೊಟ್ಟಿತೆಂದರೆ ನೆಲ ಗಟ್ಟಿಯಾಗಿ, ಗಿಡ ಹಸುರಾಗಿ ಕಂಡರೂ ಬುಡದಲ್ಲಿ ಕಾಯಿ ಇರುವುದಿಲ್ಲ. ಎರಡು ಹದ ಮಳೆ ಬಿದ್ದ ವರ್ಷಕ್ಕೂ ಬೀಳದ ವರ್ಷಕ್ಕೂ ಇಳುವರಿಯಲ್ಲಿ ಇರುವ ಅಂತರ ಅಷ್ಟಿಷ್ಟಲ್ಲ. 1940 ರಲ್ಲಿ ತಮಿಳುನಾಡಿನ ತಿಂಡಿವನದಿಂದ ಹೊರಬಂದ ಟಿ.ಎಂ.ವಿ.-2 ಎಂಬ ಗುತ್ತಿ ಜಾತಿಯ ಶೇಂಗಾ ಈ ಸೀಮೆಯಲ್ಲಿ ಎಷ್ಟೋ ದಶಕಗಳ ಕಾಲ ಬೇರೂರಿ ನಿಂತದ್ದಕ್ಕೆ ಕಾರಣ ಅದು ಬೇಗ ಮಾಗುತ್ತಿದ್ದುದು. ಹೆಚ್ಚು ಕೊಡುವುದಕ್ಕಿಂತ ಬೇಗ ಮುಗಿಸುವುದು ಒಣ ಬೇಸಾಯಗಾರನಿಗೆ ದೊಡ್ಡ ಗುಣ.

ಹೊಲದಿಂದ ಕಣಕ್ಕೆ, ಕಣದಿಂದ ಗಿರಣಿಗೆ ಬರೋಣ. 100 ಕಿಲೋಗ್ರಾಂ ಒಣಗಿದ ಕಾಯಿಯನ್ನು ತೆಗೆದುಕೊಳ್ಳಿ. ಅದರ ಸಿಪ್ಪೆಯೇ ಸುಮಾರು 30 ಕಿಲೋ ಆಗುತ್ತದೆ. ಉಳಿದ 70 ಕಿಲೋ ಬೀಜದಲ್ಲಿ ಎಣ್ಣೆಯ ಭಾಗ ಅರ್ಧಕ್ಕೆ ಸ್ವಲ್ಪ ಕಡಿಮೆ. ಎಕ್ಸ್‌ಪೆಲ್ಲರ್ ಎಂಬ ತಿರುಪಿನ ಯಂತ್ರ ಅದನ್ನು ಹಿಂಡಿದಾಗ ಹೆಚ್ಚು ಕಡಿಮೆ 30 ಕಿಲೋ ಎಣ್ಣೆ ಇಳಿದು, 40 ಕಿಲೋ ಹಿಂಡಿ ಉಳಿಯುತ್ತದೆ. ಈ ಮೂರು ಅಂಕಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು: ಸಿಪ್ಪೆ 30, ಎಣ್ಣೆ 30, ಹಿಂಡಿ 40. ಚಳ್ಳಕೆರೆಯ ಭಾಗ್ಯವೂ ದೌರ್ಭಾಗ್ಯವೂ ಇವುಗಳಲ್ಲಿಯೇ ಅಡಗಿವೆ.

ಕಾಯಿ ಹಗುರ, ಆದರೆ ಜಾಗ ಹೆಚ್ಚು ತಿನ್ನುತ್ತದೆ. ಕಾಯಿ ತುಂಬಿದ ಚೀಲ ಬೀಜ ತುಂಬಿದ ಚೀಲದ ಸುಮಾರು ಅರ್ಧ ಮಾತ್ರ ತೂಗುತ್ತದೆ. ಆದ್ದರಿಂದ ಕಾಯಿಯನ್ನು ದೂರಕ್ಕೆ ಸಾಗಿಸುವುದೆಂದರೆ ಸಿಪ್ಪೆಗೂ ಗಾಳಿಗೂ ಬಾಡಿಗೆ ಕೊಟ್ಟಂತೆ. ಆಲ್ಫ್ರೆಡ್ ವೆಬರ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞನು 1909 ರಲ್ಲಿ ಕೈಗಾರಿಕೆಗಳ ನೆಲೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ನಿಯಮವಾಗಿಯೇ ಹೇಳಿದ್ದಾನೆ: ಕಚ್ಚಾವಸ್ತುವಿನ ತೂಕ ತಯಾರಿಕೆಯಲ್ಲಿ ಕಳೆದುಹೋಗುವಂತಿದ್ದರೆ ಕಾರ್ಖಾನೆ ಆ ವಸ್ತು ಹುಟ್ಟುವ ಕಡೆಗೆ ಸರಿಯುತ್ತದೆ, ಕಳೆಯದಿದ್ದರೆ ಕೊಳ್ಳುವವರ ಕಡೆಗೆ ಸರಿಯುತ್ತದೆ. ಸಕ್ಕರೆಯ ಕಾರ್ಖಾನೆ ಕಬ್ಬಿನ ಗದ್ದೆಗಳ ನಡುವೆ ಇರುವುದು ಇದರಿಂದಲೇ. ಚಳ್ಳಕೆರೆಯಲ್ಲಿ ಗಿರಣಿಗಳು ಒಂದರ ಪಕ್ಕದಲ್ಲೊಂದು ಎದ್ದದ್ದೂ ಇದರಿಂದಲೇ. ಸಿಪ್ಪೆ ಅಲ್ಲಿಯೇ ಒಲೆಗೆ ಉರಿಯಾಯಿತು, ಹಿಂಡಿ ಸುತ್ತಿನ ಹಳ್ಳಿಗಳ ದನಗಳಿಗೆ ಮೇವಾಯಿತು, ಎಣ್ಣೆ ಮಾತ್ರ ಡಬ್ಬಗಳಲ್ಲಿ ಹೊರಗೆ ಹೋಯಿತು.

ಆದರೆ ಗಿರಣಿಯೊಂದೇ ಪೇಟೆಯಲ್ಲ. ಒಬ್ಬ ಒಕ್ಕಲಿಗನು ಮೊಳಕಾಲ್ಮೂರಿನ ಕಡೆಯ ಹಳ್ಳಿಯೊಂದರಿಂದ ಶೇಂಗಾ ತುಂಬಿಕೊಂಡು ಚಳ್ಳಕೆರೆಗೆ ಬಂದನೆಂದು ಭಾವಿಸಿರಿ. ಬಂದೊಡನೆ ಅವನು ಹಿಂದಿರುಗಲಾರ. ಚೀಲ ಇಳಿಸಬೇಕು, ಹಮಾಲರು ಬೇಕು. ಮಂಡಿಯಲ್ಲಿ ಸವಾಲು ಮುಗಿಯಬೇಕು, ತೂಕವಾಗಬೇಕು, ದಲ್ಲಾಳಿಯು ಲೆಕ್ಕ ಬರೆದು ಹಣ ಕೊಡಬೇಕು. ಇದೆಲ್ಲ ಮುಗಿಯುವುದಕ್ಕೆ ಅರ್ಧ ದಿನ, ಕೆಲವು ಸಲ ಒಂದೂವರೆ ದಿನ. ಅಷ್ಟು ಹೊತ್ತು ಅವನು ಏನು ಮಾಡಬೇಕು? ಹೋಟೆಲಿನಲ್ಲಿ ಉಣ್ಣುತ್ತಾನೆ. ಕ್ಷೌರ ಮಾಡಿಸಿಕೊಳ್ಳುತ್ತಾನೆ. ನೇಗಿಲ ಗುಳವನ್ನು ಕುಲುಮೆಗೆ ಕೊಡುತ್ತಾನೆ. ಹಣ ಕೈಗೆ ಬಂದ ಮೇಲೆ ಮಗಳಿಗೆ ಸೀರೆ, ಮನೆಗೆ ಹಿತ್ತಾಳೆಯ ಪಾತ್ರೆ, ಬರುವ ವರ್ಷಕ್ಕೆ ಗೊಬ್ಬರ, ತಾಯಿಗೆ ಔಷಧಿ, ಚಳಿಗೆ ಒಂದು ಕಂಬಳಿ. (ಈ ಸೀಮೆಯ ಕುರುಬರು ನೇಯುವ ಕಂಬಳಿಗೆ ಚಳ್ಳಕೆರೆ ಇನ್ನೊಂದು ಕಾರಣದಿಂದಲೂ ಪ್ರಸಿದ್ಧವೆಂಬುದನ್ನು ಇಲ್ಲಿ ಮರೆಯಲಾಗದು.) ಆ ಒಕ್ಕಲಿಗನನ್ನು ಊರಿಗೆ ಕರೆತಂದದ್ದು ಶೇಂಗಾ, ಊರಿನಲ್ಲಿ ನಿಲ್ಲಿಸಿದ್ದು ಕಾಯುವ ಕೆಲಸ. ಆ ಕಾಯುವಿಕೆಯ ಮೇಲೆಯೇ ನೂರು ಅಂಗಡಿಗಳು ಬದುಕಿದ್ದವು. ಜವಳಿಯ ವರ್ತಕನು ತನ್ನ ಗಿರಾಕಿಯನ್ನು ತಾನೇ ಸಂಪಾದಿಸಿದೆನೆಂದು ತಿಳಿದಿರಬಹುದು. ವಾಸ್ತವವಾಗಿ ಅವನಿಗೆ ಗಿರಾಕಿಯನ್ನು ತಂದುಕೊಟ್ಟದ್ದು ಎರಡು ಬೀದಿ ಆಚೆಗಿನ ಎಣ್ಣೆಯ ಗಿರಣಿ.

ಇದೇ ತತ್ತ್ವವನ್ನು ತಿಳಿದೂ ತಿಳಿದೂ ಕಟ್ಟಡದ ರೂಪಕ್ಕೆ ತಂದವನು ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ಇವನು ಮಿನಿಯಾಪೊಲಿಸ್ ನಗರದ ಹೊರವಲಯವಾದ ಎಡೀನದಲ್ಲಿ ಕಟ್ಟಿಸಿದ ಸೌತ್‌ಡೇಲ್ ಎಂಬ ಮಾಲ್ 1956 ರಲ್ಲಿ ತೆರೆಯಿತು. ಸುತ್ತಲೂ ಮುಚ್ಚಿ, ಒಳಗೆ ಒಂದೇ ಹದದ ಗಾಳಿಯನ್ನು ಹರಿಯಬಿಟ್ಟ ಆ ಪೇಟೆಯ ಎರಡು ಕಡೆಗಳಲ್ಲಿ ಎರಡು ಭಾರಿ ಅಂಗಡಿಗಳು; ನಡುವೆ ಸಣ್ಣ ಅಂಗಡಿಗಳ ಸಾಲು. ಜನ ಬರುವುದು ದೊಡ್ಡ ಅಂಗಡಿಗಾಗಿ. ಒಂದರಿಂದ ಇನ್ನೊಂದಕ್ಕೆ ನಡೆಯುವಾಗ ಕೊಳ್ಳುವುದು ಸಣ್ಣ ಅಂಗಡಿಗಳಲ್ಲಿ. ಇಂಥ ದೊಡ್ಡ ಅಂಗಡಿಗೆ ಅಲ್ಲಿಯವರು ಹಡಗಿನ ಲಂಗರಿನ ಹೆಸರನ್ನು ಕೊಟ್ಟಿದ್ದಾರೆ. ಮಾಲಿನ ಒಡೆಯರು ಲಂಗರಿನ ಅಂಗಡಿಗೆ ಬಾಡಿಗೆಯನ್ನು ಬಹಳ ಇಳಿಸಿಕೊಟ್ಟು, ಆ ನಷ್ಟವನ್ನು ಸಣ್ಣ ಅಂಗಡಿಗಳಿಂದ ತುಂಬಿಕೊಳ್ಳುವುದು ರೂಢಿ. ಎಂದರೆ, ಸೆಳೆಯುವ ಶಕ್ತಿಗೆ ಬೆಲೆಯುಂಟೆಂಬುದನ್ನು ಅವರು ಲೆಕ್ಕದ ಪುಸ್ತಕದಲ್ಲಿಯೇ ಒಪ್ಪಿಕೊಂಡರು. ಚಳ್ಳಕೆರೆಯ ಪೇಟೆಗೆ ಛಾವಣಿ ಇರಲಿಲ್ಲ, ಒಬ್ಬನೇ ಒಡೆಯನೂ ಇರಲಿಲ್ಲ. ಲಂಗರು ಮಾತ್ರ ಇತ್ತು.

ಸೆಳೆತವನ್ನು ಅಳೆಯುವ ಸೂತ್ರವೂ ಒಂದುಂಟು. ವಿಲಿಯಂ ರೈಲಿ ಎಂಬ ಅಮೆರಿಕನ್ ವಿದ್ವಾಂಸನು 1931 ರಲ್ಲಿ ನ್ಯೂಟನ್ನನ ಗುರುತ್ವಾಕರ್ಷಣೆಯ ನಿಯಮವನ್ನು ವ್ಯಾಪಾರಕ್ಕೆ ಅನ್ವಯಿಸಿದನು. ಎರಡು ಊರುಗಳ ನಡುವಣ ಹಳ್ಳಿಯವರು ಯಾವ ಊರಿಗೆ ಕೊಳ್ಳಲು ಹೋಗುತ್ತಾರೆ? ಊರು ದೊಡ್ಡದಾದಷ್ಟೂ ಸೆಳೆತ ಹೆಚ್ಚು. ದೂರ ಹೆಚ್ಚಿದಂತೆ ಅದರ ವರ್ಗದ ಪ್ರಮಾಣದಲ್ಲಿ ಸೆಳೆತ ಕಡಿಮೆ. 2011 ರ ಜನಗಣತಿಯಲ್ಲಿ ಚಳ್ಳಕೆರೆಯ ಜನಸಂಖ್ಯೆ ಸುಮಾರು 55 ಸಾವಿರ. ಬಳ್ಳಾರಿಯದು 4 ಲಕ್ಷಕ್ಕೆ ಸ್ವಲ್ಪ ಮೇಲೆ. ಎರಡರ ನಡುವೆ ರಸ್ತೆಯ ದೂರ ಸುಮಾರು 100 ಕಿಲೋಮೀಟರ್. ಸೂತ್ರದಂತೆ ಲೆಕ್ಕಹಾಕಿದರೆ ಎರಡು ಸೆಳೆತಗಳೂ ಸಮನಾಗುವ ಗಡಿ ಚಳ್ಳಕೆರೆಯಿಂದ 27 ಕಿಲೋಮೀಟರ್ ದೂರದಲ್ಲಿ, ತಳುಕಿನ ಆಚೀಚೆ ಬೀಳುತ್ತದೆ. ಕನ್ನಡಕ್ಕೆ ವೆಂಕಣ್ಣಯ್ಯನವರನ್ನೂ ತ.ರಾ.ಸು. ಅವರನ್ನೂ ಕೊಟ್ಟ ಊರು ಅದು. ತಳುಕಿನಿಂದ ಉತ್ತರಕ್ಕೆ ಇರುವ ಮೊಳಕಾಲ್ಮೂರು ತಾಲ್ಲೂಕೆಲ್ಲ ಬಳ್ಳಾರಿಗೆ ಸೇರಬೇಕು ಎನ್ನುತ್ತದೆ ಸೂತ್ರ. ಆದರೆ ಆ ತಾಲ್ಲೂಕಿನ ಶೇಂಗಾ ಚಳ್ಳಕೆರೆಗೆ ಹರಿದುಬರುತ್ತಿತ್ತು! ಸೂತ್ರ ಸುಳ್ಳೆ? ಸುಳ್ಳಲ್ಲ, ನಾವು ತೂಕವನ್ನು ತಪ್ಪಾಗಿ ಹಾಕಿದೆವು. ಶೇಂಗಾದ ವ್ಯಾಪಾರದಲ್ಲಿ ಊರಿನ ತೂಕವೆಂದರೆ ತಲೆಗಳ ಸಂಖ್ಯೆಯಲ್ಲ. ಕೊಳ್ಳುವ ಗಿರಣಿಗಳ ಸಂಖ್ಯೆ. ಹತ್ತು ಮಂದಿ ಸವಾಲು ಕೂಗುವಲ್ಲಿಗೆ ರೈತನು ಇಬ್ಬರು ಕೂಗುವ ಊರನ್ನು ದಾಟಿಕೊಂಡು ಹೋಗುತ್ತಾನೆ. ಆ ಗಿರಣಿಗಳು ಮುಚ್ಚಿದಂತೆ ಗಡಿಯ ರೇಖೆ ನಕ್ಷೆಯ ಮೇಲೆ ಸದ್ದಿಲ್ಲದೆ ದಕ್ಷಿಣಕ್ಕೆ ಸರಿಯುತ್ತದೆ.

ಇನ್ನು ಗಿರಣಿಗಳು ಏಕೆ ಮುಚ್ಚಿದವೆಂಬುದು. ಇದಕ್ಕೆ ಒಂದೇ ಉತ್ತರವಿಲ್ಲವಾದರೂ ಮುಖ್ಯವಾದದ್ದು ಸಮುದ್ರದ ಕಡೆಯಿಂದ ಬಂತು. ನಮ್ಮ ದೇಶಕ್ಕೆ ಹೊರಗಿನಿಂದ ಅಡುಗೆಯ ಎಣ್ಣೆಯನ್ನು ತರಿಸುವ ಅಧಿಕಾರ ಬಹುಕಾಲ ಸರ್ಕಾರದ ಕೈಯಲ್ಲಿತ್ತು. 1986 ರಲ್ಲಿ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಆರಂಭವಾಗಿ, ದೇಶದಲ್ಲಿ ಎಣ್ಣೆಕಾಳಿನ ಬೆಳೆ ಒಮ್ಮೆಗೆ ಏರಿತು. ಆಮದು ಬಹಳ ಇಳಿಯಿತು. ಆ ವರ್ಷಗಳು ಚಳ್ಳಕೆರೆಯಂಥ ಊರುಗಳಿಗೆ ಒಳ್ಳೆಯ ವರ್ಷಗಳು. 1994 ರಲ್ಲಿ ತಾಳೆಯ ಎಣ್ಣೆಯ ತಿಳಿಭಾಗವಾದ ಪಾಮೋಲಿನನ್ನು ಖಾಸಗಿ ವರ್ತಕರೂ ತರಿಸಬಹುದೆಂದು ಬಾಗಿಲು ತೆರೆಯಲಾಯಿತು. ಆಗ ಸುಂಕ ನೂರಕ್ಕೆ 65 ಇತ್ತು. 1998 ರ ವೇಳೆಗೆ ಅದು 15 ಕ್ಕೆ ಇಳಿದಿತ್ತು. ಆ ಮೇಲೆ ಸುಂಕ ಅನೇಕ ಸಲ ಏರಿ ಇಳಿದಿದೆ; ಆದರೆ ತೆರೆದ ಬಾಗಿಲು ಮುಚ್ಚಲಿಲ್ಲ. ಇಂದು ದೇಶ ಬಳಸುವ ಅಡುಗೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರಲ್ಲಿ ತಾಳೆಯದೇ ದೊಡ್ಡ ಪಾಲು.

ತಾಳೆಯ ಮುಂದೆ ಶೇಂಗಾ ಏಕೆ ನಿಲ್ಲಲಾರದೆಂಬುದನ್ನು ಸಸ್ಯಶಾಸ್ತ್ರವೇ ಹೇಳುತ್ತದೆ. ಮಳೆಯನ್ನೇ ನಂಬಿದ ಒಂದು ಹೆಕ್ಟೇರಿನಲ್ಲಿ 8 ಕ್ವಿಂಟಲ್ ಕಾಯಿ ಬಂತೆನ್ನೋಣ. ಮೇಲಿನ ಲೆಕ್ಕದಂತೆ ಎಣ್ಣೆ ಎರಡೂವರೆ ಕ್ವಿಂಟಲಿಗೆ ಸ್ವಲ್ಪ ಕಡಿಮೆ. ಮಲೇಷ್ಯ ಇಂಡೊನೇಷ್ಯಗಳ ತೇವದ ನೆಲದಲ್ಲಿ ವರ್ಷವೆಲ್ಲ ಗೊನೆ ಬಿಡುವ ಎಣ್ಣೆತಾಳೆ ಅಷ್ಟೇ ಜಾಗದಿಂದ 30 ರಿಂದ 40 ಕ್ವಿಂಟಲ್ ಎಣ್ಣೆಯನ್ನು ಕೊಡುತ್ತದೆ. ಒಂದು ಗಿಡ ನೂರು ದಿನ ಮಳೆಗಾಗಿ ಮುಗಿಲು ನೋಡುತ್ತದೆ; ಇನ್ನೊಂದು ಮರ 20 ವರ್ಷಕ್ಕೂ ಮೇಲ್ಪಟ್ಟು ಬಿಡುವಿಲ್ಲದೆ ಫಲ ಕೊಡುತ್ತದೆ. ಈ ಸ್ಪರ್ಧೆ ಸಮಾನರ ಸ್ಪರ್ಧೆಯಲ್ಲ. ಚಳ್ಳಕೆರೆಯ ರೈತನಾಗಲಿ ಗಿರಣಿಯವನಾಗಲಿ ದಕ್ಷತೆಯಲ್ಲಿ ಹಿಂದೆಬಿದ್ದನೆಂದು ಹೇಳುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಈಗ ವೆಬರನ ನಿಯಮಕ್ಕೆ ಹಿಂದಿರುಗೋಣ. ತಾಳೆಯ ಎಣ್ಣೆ ಹಡಗಿನಲ್ಲಿ ಬರುವಾಗಲೇ ಎಣ್ಣೆಯಾಗಿರುತ್ತದೆ. ಅದನ್ನು ಶುದ್ಧಿ ಮಾಡುವುದರಲ್ಲಿ ಕಳೆಯುವ ತೂಕ ಬಹಳ ಸ್ವಲ್ಪ. ಹಡಗಿನಿಂದ ಹೇಗೂ ಇಳಿಸಲೇಬೇಕಾದ್ದರಿಂದ ಇಳಿಸುವ ಸ್ಥಳದಲ್ಲಿಯೇ ಕಾರ್ಖಾನೆಯಿದ್ದರೆ ಮತ್ತೊಮ್ಮೆ ಏರಿಸುವ ಖರ್ಚು ಉಳಿಯುತ್ತದೆ. ಆದುದರಿಂದ ಶುದ್ಧೀಕರಣದ ಭಾರಿ ಕಾರ್ಖಾನೆಗಳು ಮಂಗಳೂರು, ಕಾಕಿನಾಡ, ಕಾಂಡ್ಲಾ ಮುಂತಾದ ಬಂದರುಗಳ ಬಳಿ ಬೆಳೆದವು. ಹೊಲವು ಕೈಗಾರಿಕೆಯನ್ನು ತನ್ನೆಡೆಗೆ ಎಳೆದುಕೊಂಡಿದ್ದ ಶಕ್ತಿಯೇ ಈಗ ಅದನ್ನು ಕಡಲ ಕರೆಗೆ ಎಳೆಯಿತು. ನಿಯಮ ಬದಲಾಗಲಿಲ್ಲ, ಕಚ್ಚಾವಸ್ತುವಿನ ತವರು ಬದಲಾಯಿತು.

ಶುದ್ಧೀಕರಣದ ಇನ್ನೊಂದು ಪರಿಣಾಮ ಇಷ್ಟೇ ಮುಖ್ಯವಾದದ್ದು, ಆದರೆ ಕಡಿಮೆ ಗಮನಕ್ಕೆ ಬಂದದ್ದು. ಹಿಂಡಿದ ಶೇಂಗಾ ಎಣ್ಣೆಗೆ ಬಣ್ಣವುಂಟು, ಕಂಪುಂಟು. ಮೂಗಿನಿಂದಲೇ ಅದರ ಜಾತಿಯನ್ನು ಹೇಳಬಹುದು. ತಾಳೆಯ ಕಚ್ಚಾ ಎಣ್ಣೆ ಕ್ಯಾರೊಟೀನಿನಿಂದ ಕೆಂಪಾಗಿರುತ್ತದೆ. ಬಿಳುಪು ಮಾಡುವ ಜೇಡಿಮಣ್ಣಿನೊಡನೆ ಕಲಸಿ ಸೋಸಿ, ಬಿಸಿ ಹಬೆಯನ್ನು ಹಾಯಿಸಿ ವಾಸನೆ ತೆಗೆದ ಮೇಲೆ ಎಲ್ಲ ಎಣ್ಣೆಗಳೂ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದೇ ದ್ರವದಂತೆ ಕಾಣುತ್ತವೆ. ಅಡುಗೆಯ ಮನೆ ಒಮ್ಮೆ ಇದಕ್ಕೆ ಒಗ್ಗಿತೆಂದರೆ ಕೊಳ್ಳುವವನಿಗೆ ಉಳಿಯುವ ವ್ಯತ್ಯಾಸ ಬೆಲೆಯೊಂದೇ. ಚಳ್ಳಕೆರೆಯ ಎಣ್ಣೆ ಎಂಬ ಹೆಸರಿಗೆ ಆಧಾರವಾಗಿದ್ದುದು ಆ ಕಂಪು. ಹದಿನೈದು ಕಿಲೋ ಡಬ್ಬದ ಬದಲು ಒಂದು ಲೀಟರಿನ ಪ್ಲಾಸ್ಟಿಕ್ ಚೀಲ ಬಂದಾಗ ಊರಿನ ಹೆಸರೂ ಡಬ್ಬದೊಡನೆ ಹೋಯಿತು.

ಗಿರಣಿಯ ಒಳಗಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು. ಒಂದು ಕಿಲೋ ಬೀಜದಿಂದ ಎಣ್ಣೆ ಸುಮಾರು 430 ಗ್ರಾಂ, ಹಿಂಡಿ 570 ಗ್ರಾಂ. ಎಣ್ಣೆ ಕಿಲೋಗೆ 150 ರೂಪಾಯಿ, ಹಿಂಡಿ 40 ರೂಪಾಯಿ ಎಂದಿಟ್ಟುಕೊಳ್ಳೋಣ. ಗಿರಣಿಯವನಿಗೆ ಕಿಲೋ ಬೀಜದಿಂದ ಬರುವುದು 64 ರೂಪಾಯಿಗೆ 23 ಸೇರಿ ಸುಮಾರು 87 ರೂಪಾಯಿ. ಕೂಲಿ, ವಿದ್ಯುತ್ತು, ಸಾಲದ ಬಡ್ಡಿ ಇದರೊಳಗೇ. ಅದೇ ಬೀಜವನ್ನು ಹುರಿದು ಉಪ್ಪು ಹಚ್ಚಿ ಮಾರುವವನೋ ಹೊರದೇಶಕ್ಕೆ ಕಳಿಸುವವನೋ 100 ರೂಪಾಯಿಗೆ ಕೊಂಡರೆ ಗಿರಣಿ ನಿಲ್ಲಲೇಬೇಕು. ಇಲ್ಲಿನ ಬೆಲೆಗಳು ಉದಾಹರಣೆಗಾಗಿ ಹಾಕಿದವು; ಆದರೆ ಪಾಮೋಲಿನ್ ಎಣ್ಣೆಯ ಬೆಲೆಯನ್ನು ಮೇಲೇರದಂತೆ ಹಿಡಿದಿರುವಾಗ, ತಿನ್ನುವವರ ಬೇಡಿಕೆ ಬೀಜದ ಬೆಲೆಯನ್ನು ಮೇಲಕ್ಕೆ ಎತ್ತುತ್ತಿರುವಾಗ, ಗಿರಣಿ ಎರಡರ ನಡುವೆ ಸಿಕ್ಕಿಬೀಳುವುದು ಯಾವ ಬೆಲೆಗಳನ್ನು ಹಾಕಿದರೂ ಕಾಣುತ್ತದೆ. ಎಣ್ಣೆಯ ಬೀಜ ತಿನ್ನುವ ಬೀಜವಾದುದು ರೈತನಿಗೆ ಲಾಭವಲ್ಲವೇ ಎಂದು ಕೇಳಬಹುದು. ಬೆಲೆಯ ಮಟ್ಟಿಗೆ ಕೆಲವು ವರ್ಷ ಹೌದು. ಆದರೆ ತಿನ್ನುವ ಬೀಜಕ್ಕೆ ಗಾತ್ರ, ಬಣ್ಣ, ಶುಚಿ ಬೇಕು. ಬರದಲ್ಲಿ ಮುರುಟಿದ ಸಣ್ಣ ಬೀಜವನ್ನು ಹಿಂದೆ ಗಿರಣಿ ಮರುಮಾತಿಲ್ಲದೆ ಕೊಳ್ಳುತ್ತಿತ್ತು. ಎಣ್ಣೆಗೆ ರೂಪ ಬೇಕಿಲ್ಲ. ಬರದ ವರ್ಷದ ಆ ಆಸರೆ ಈಗ ತೆಳುವಾಯಿತು.

ಬರವು ಇನ್ನೊಂದು ಕೇಡನ್ನೂ ತರುತ್ತದೆ. ಕಾಯಿ ಬಲಿಯುವ ಕಾಲದಲ್ಲಿ ನೆಲ ಒಣಗಿ ಕಾದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೀಜವನ್ನು ಹೊಕ್ಕು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960 ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿಯನ್ನು ತಿಂದ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗಲೇ ಈ ವಿಷದ ಪತ್ತೆಯಾದದ್ದು. ವಿಷ ಎಣ್ಣೆಗಿಂತ ಹೆಚ್ಚಾಗಿ ಹಿಂಡಿಯಲ್ಲಿ ನಿಲ್ಲುತ್ತದೆ. ನೂರರಲ್ಲಿ ನಲವತ್ತು ಪಾಲು ಹಿಂಡಿಯಾಗುವ ಕಸುಬಿನಲ್ಲಿ ಹಿಂಡಿಯ ಮೇಲೆ ಅನುಮಾನ ಬಿದ್ದರೆ ಲೆಕ್ಕ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರದ ಒಂದು ಸದುದ್ದೇಶವೂ ಇಲ್ಲಿ ಅಡ್ಡವಾಯಿತೆಂದು ನಮಗೆ ತೋರುತ್ತದೆ. ಶೇಂಗಾ ಎಣ್ಣೆಯನ್ನು ಹಿಂಡುವ ಕೆಲಸವನ್ನು ಸಣ್ಣ ಕೈಗಾರಿಕೆಗಳಿಗೇ ಮೀಸಲಿಡಲಾಗಿತ್ತು. ಆ ಮೀಸಲಾತಿ 2015 ರವರೆಗೂ ಇತ್ತು. ದೊಡ್ಡವರು ಸಣ್ಣವರನ್ನು ನುಂಗದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಒಳನಾಡಿನ ಗಿರಣಿ ಸಣ್ಣದಾಗಿಯೇ ಉಳಿಯಬೇಕೆಂದು ಬೇಲಿ ಹಾಕಿ, ಬಂದರಿನ ಕಾರ್ಖಾನೆ ಎಷ್ಟು ದೊಡ್ಡದಾದರೂ ಆಗಲೆಂದು ಬಿಟ್ಟರೆ, ಬೇಲಿಯೊಳಗಿನವನಿಗೆ ರಕ್ಷಣೆ ಎಷ್ಟು ದಿನ? ಬೇಲಿ ತೆಗೆಯುವ ಹೊತ್ತಿಗೆ ಒಳಗೆ ಉಳಿದಿದ್ದವರೇ ಕೆಲವರು.

ಪೇಟೆಯ ಇಳಿತಕ್ಕೆ ಒಂದು ವಿಶೇಷ ಲಕ್ಷಣವಿದೆ: ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಐದು ಗಿರಣಿ ಮುಚ್ಚಿದರೆ ಸವಾಲಿನಲ್ಲಿ ಐದು ದನಿ ಕಡಿಮೆ. ಬೆಲೆ ಸ್ವಲ್ಪ ಇಳಿಯುತ್ತದೆ. ದೂರದ ರೈತನು ಬರುವುದನ್ನು ಬಿಟ್ಟು ಹಳ್ಳಿಯ ಬಾಗಿಲಿಗೆ ಬಂದವನಿಗೆ ಮಾರುತ್ತಾನೆ. ಅವನು ಬಾರದಿದ್ದರೆ ಹೋಟೆಲಿಗೆ, ಜವಳಿ ಅಂಗಡಿಗೆ ಗಿರಾಕಿಯಿಲ್ಲ. ಸರಕು ತಂದ ಲಾರಿಗೆ ಹಿಂದಿರುಗುವಾಗ ಎಣ್ಣೆಯ ಹೊರೆ ಸಿಕ್ಕದೆ ಹೋದರೆ, ಬರುವ ಬಾಡಿಗೆಯಲ್ಲಿಯೇ ಹೋಗುವ ಬಾಡಿಗೆಯನ್ನೂ ಸೇರಿಸಬೇಕಾಗುತ್ತದೆ. ಪೇಟೆಯ ಎಲ್ಲ ಸಾಮಾನಿನ ಬೆಲೆಯೂ ಅಷ್ಟು ಏರುತ್ತದೆ. ಬೆಲೆ ಏರಿದ ಪೇಟೆಗೆ ಬರುವವರು ಇನ್ನೂ ಕಡಿಮೆ. ಹಮಾಲರು, ಬೀಜ ಆರಿಸುವ ಹೆಂಗಸರು, ಡಬ್ಬಕ್ಕೆ ಬೆಸುಗೆ ಹಾಕುವವರು ಇವರೆಲ್ಲ ಗಿರಣಿಯ ಕೂಲಿಯವರಷ್ಟೇ ಅಲ್ಲ, ಪೇಟೆಯ ಗಿರಾಕಿಗಳೂ ಆಗಿದ್ದರು. ಹೀಗೆ ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಆರಂಭವಾಗುತ್ತದೆ. ಏರುವಾಗಲೂ ಇದೇ ಚಕ್ರ, ಆದರೆ ಎದುರು ದಿಕ್ಕಿನಲ್ಲಿ.

ಅಮೆರಿಕದ ಮಾಲುಗಳಲ್ಲಿ ಈ ಚಕ್ರ ಎಷ್ಟು ಬೇಗ ತಿರುಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಓಹಿಯೊ ಸಂಸ್ಥಾನದಲ್ಲಿ ಕ್ಲೀವ್‌ಲೆಂಡ್ ನಗರದ ಹೊರವಲಯದಲ್ಲಿ 1976 ರಲ್ಲಿ ತೆರೆದ ರ‍್ಯಾಂಡಲ್ ಪಾರ್ಕ್ ಮಾಲ್ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾಗಿತ್ತು. ಲಂಗರಿನ ಅಂಗಡಿಗಳು ಒಂದೊಂದಾಗಿ ಬಿಟ್ಟುಹೋದವು. 2009 ರಲ್ಲಿ ಒಳಗಿನ ಪೇಟೆ ಮುಚ್ಚಿತು. ಬಳಿಕ ಕಟ್ಟಡವನ್ನು ಕೆಡವಿದರು. 2018 ರಲ್ಲಿ ಅದೇ ನೆಲದ ಮೇಲೆ ಅಮೆಜಾನ್ ಕಂಪನಿಯ ಉಗ್ರಾಣ ತೆರೆಯಿತು. ಅಲ್ಲಿಂದ ಸಾಮಾನು ಮನೆಮನೆಗೆ ಹೋಗುತ್ತದೆ. ಯಾರೂ ಅಲ್ಲಿಗೆ ಬರುವುದಿಲ್ಲ, ಯಾರೂ ಕಾಯುವುದಿಲ್ಲ.

ಚಳ್ಳಕೆರೆಯಿಂದ ಬಳ್ಳಾರಿಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಮೊಳಕಾಲ್ಮೂರು ತಾಲ್ಲೂಕು ಸಿಗುತ್ತದೆ; ಮೊಳಕಾಲ್ಮೂರು ಊರು ಮಾತ್ರ ಸಿಗುವುದಿಲ್ಲ. ಹೆದ್ದಾರಿಯನ್ನು ಬಿಟ್ಟು ರಾಯದುರ್ಗದ ಕಡೆಗೆ ತಿರುಗಿದವರಿಗೆ ಮಾತ್ರ ಅದರ ದರ್ಶನ. ಅಲ್ಲಿಯ ಕೈಮಗ್ಗದ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸೀರೆಯ ಗುಣದಲ್ಲಿ ಕೊರತೆಯೇನೂ ಇಲ್ಲ. ಆದರೆ ಸೀರೆ ಶೇಂಗಾದಂತಲ್ಲ. ತೂಕ ಕಡಿಮೆ, ಬೆಲೆ ಹೆಚ್ಚು. ಒಬ್ಬನು ಹತ್ತು ಸೀರೆಗಳನ್ನು ಗಂಟು ಕಟ್ಟಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯಬಲ್ಲ. ಕೊಳ್ಳುವವಳು ಮಗ್ಗದ ಊರಿಗೆ ಬರಬೇಕೆಂಬ ನಿರ್ಬಂಧವೇ ಇಲ್ಲ. ಆದ್ದರಿಂದ ಒಳ್ಳೆಯ ಸರಕಿದ್ದೂ ಅದರ ಸುತ್ತ ದೊಡ್ಡ ಪೇಟೆ ಕಟ್ಟಲಿಲ್ಲ. ಯಂತ್ರಮಗ್ಗದ ಅಗ್ಗದ ಅನುಕರಣೆಗಳು ಬಂದಾಗ ನೇಕಾರನಿಗೆ ಆಸರೆಯಾಗಿ ನಿಲ್ಲಲು ಊರಿನಲ್ಲಿ ಬೇರೆ ವ್ಯಾಪಾರವೂ ಇರಲಿಲ್ಲ.

ಇದೇ ತಾಲ್ಲೂಕಿನಲ್ಲಿ ಇನ್ನೂ ಹಳೆಯ ನಿದರ್ಶನವೊಂದಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸರು 1892 ರ ಸುಮಾರಿಗೆ ಬೆಳಕಿಗೆ ತಂದರು. ಸುವರ್ಣಗಿರಿಯ ರಾಜಕುಮಾರನು ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಅದನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. 1947 ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಬುಡದಲ್ಲಿ ಅಗೆಸಿದಾಗ ಮೇಲಿನ ಪದರದಲ್ಲಿ ಸಿಕ್ಕ ಮಡಕೆಯ ಚೂರುಗಳಲ್ಲಿ, ಒಳಭಾಗದಲ್ಲಿ ಸಣ್ಣ ಚುಕ್ಕೆಗಳ ಸುತ್ತುಗಳನ್ನೊತ್ತಿದ ಒಂದು ಬಗೆಯಿತ್ತು; ಅದೇ ಬಗೆ ಪುದುಚೇರಿಯ ಬಳಿಯ ಅರಿಕಮೇಡು ಎಂಬ ಬಂದರಿನಲ್ಲಿ ರೋಮಿನ ಸರಕುಗಳೊಡನೆ ದೊರೆತಿದೆ. ಕಡಲ ವ್ಯಾಪಾರದ ಎಳೆ ಅಷ್ಟು ಹಿಂದೆಯೇ ಈ ಒಣ ಸೀಮೆಯವರೆಗೆ ಬಂದಿತ್ತು. ಅಧಿಕಾರಿಗಳೂ ವರ್ತಕರೂ ಬಂದುಹೋಗುತ್ತಿದ್ದ ಇಸಿಲ ಇಂದು ಹೊಲಗಳ ನಡುವಣ ಕಲ್ಲುಗುಂಪು.

ಚಳ್ಳಕೆರೆಯ ಬಳಿ ಹೊಸ ಲಂಗರು ಬಂದಿದೆಯಲ್ಲ ಎಂದು ಕೆಲವರು ಹೇಳುವುದುಂಟು. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆಯ ಆವರಣವಿದೆ. 2017 ರಲ್ಲಿ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕ್ಷೇತ್ರ ಆರಂಭವಾಯಿತು. 2023 ರ ಏಪ್ರಿಲ್ 2 ರಂದು ಇಸ್ರೊ ಸಂಸ್ಥೆಯ ರೆಕ್ಕೆಯುಳ್ಳ ಗಗನನೌಕೆಯ ಮಾದರಿಯೊಂದು ಅಲ್ಲಿ ತಾನೇ ತಾನಾಗಿ ಇಳಿಯಿತು. ವಿಜ್ಞಾನಪ್ರಿಯರಾದ ನಮಗೆ ಇದು ಸಂತೋಷದ ಸಂಗತಿಯೇ. ಆದರೆ ಪೇಟೆಯ ದೃಷ್ಟಿಯಿಂದ ಲಂಗರಿಗೆ ಒಂದು ಗುಣ ಬೇಕು: ಸುತ್ತಿನ ಜನ ಅಲ್ಲಿಗೆ ಏನಾದರೂ ತರಬೇಕು, ಅಥವಾ ಅಲ್ಲಿಂದ ಏನಾದರೂ ಒಯ್ಯಬೇಕು. ಎತ್ತರದ ಗೋಡೆಯೊಳಗಣ ಪ್ರಯೋಗಶಾಲೆಗೆ ರೈತನು ತರತಕ್ಕದ್ದು ಏನೂ ಇಲ್ಲ. ಆ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರು ಹುಲ್ಲುಗಾವಲನ್ನು ಕಳೆದುಕೊಂಡರು. ಉಣ್ಣೆ ಮತ್ತು ಕಂಬಳಿಯ ವ್ಯಾಪಾರಕ್ಕೆ ಅದರಿಂದ ಹಾನಿಯೇ ಹೊರತು ಲಾಭವಿಲ್ಲ.

ಈಚೆಗೆ ನಗರಗಳಲ್ಲಿ ಗಾಣದ ಎಣ್ಣೆಗೆ ಮತ್ತೆ ಬೇಡಿಕೆ ಹುಟ್ಟಿದೆ. ಕಂಪನ್ನು ಕಳೆದುಕೊಂಡ ನಾಲಗೆ ಅದನ್ನು ಹುಡುಕಿಕೊಂಡು ಹೋಗುತ್ತಿದೆಯೆನ್ನಬಹುದು. ಇದರಿಂದ ಚಳ್ಳಕೆರೆ ಚೇತರಿಸೀತೇ? ಗಮನಿಸಿದರೆ ಆ ಗಾಣಗಳು ತಿರುಗುತ್ತಿರುವುದು ಹೆಚ್ಚಾಗಿ ಬೆಂಗಳೂರು ಮೈಸೂರುಗಳ ಬಡಾವಣೆಗಳಲ್ಲಿ. ಅಲ್ಲಿ ಮಾರುವುದು ಎಣ್ಣೆಯ ಜೊತೆಗೆ ನಂಬಿಕೆಯನ್ನು. ಕಣ್ಣೆದುರಿಗೆ ಹಿಂಡುವುದನ್ನು ಕಂಡರೆ ಮಾತ್ರ ಕೊಳ್ಳುವವನು ನಂಬುತ್ತಾನೆ. ಆದ್ದರಿಂದ ಹೊಲದ ಬಳಿಯೂ ಅಲ್ಲ, ಬಂದರಿನಲ್ಲಿಯೂ ಅಲ್ಲ, ಈ ಮೂರನೆಯ ಗಿರಣಿ ಗಿರಾಕಿಯ ಬಾಗಿಲಿಗೇ ಹೋಗಿ ನಿಂತಿದೆ.

ಹಾಗಾದರೆ ಚಳ್ಳಕೆರೆಯಲ್ಲಿ ಉಳಿದದ್ದೇನು? ಶೇಂಗಾದ ಮಂಡಿ ಇಂದಿಗೂ ನಡೆಯುತ್ತಿದೆ. ಬೀಜವನ್ನು ಎಲ್ಲಿಯಾದರೂ ಹಿಂಡಬಹುದು, ಎಲ್ಲಿಯಾದರೂ ಹುರಿಯಬಹುದು. ಸಿಪ್ಪೆ ಬಿಡಿಸುವ ಕೆಲಸವನ್ನು ಮಾತ್ರ ಬೆಳೆದ ಊರಿನ ಹತ್ತಿರವೇ ಮಾಡಬೇಕು. ನೂರಕ್ಕೆ ಮೂವತ್ತು ಪಾಲು ಸಿಪ್ಪೆಗೆ ದೂರದ ಬಾಡಿಗೆಯನ್ನು ಇಂದಿಗೂ ಯಾರೂ ಕೊಡಲಾರರು. ಸುಗ್ಗಿಯಲ್ಲಿ ಸಿಪ್ಪೆಯ ಕೆಂಪು ಧೂಳು ಅಲ್ಲಿನ ಗಾಳಿಯಲ್ಲಿ ಈಗಲೂ ಏಳುತ್ತದೆ.